ಅಲೆಕ್ಸಾಂಡ್ರಿಯ: ಒಂದು ರೇವುಪಟ್ಟಣ, ಹಲವು ನುಡಿಗಳು
(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ನೀಡಿದ ಉಪನ್ಯಾಸದ ಪಠ್ಯ)



ಅಧ್ಯಾಪಕರಾದ ನಾವೆಲ್ಲ ಲೋಕದ ಒಂದೊಂದು ಊರಿನ ಚರಿತ್ರೆಯನ್ನು ಈ ವೇದಿಕೆಯಿಂದ ಹೇಳಬೇಕೆಂದು ಸಮಿತಿಯವರು ನಿಶ್ಚಯಿಸಿದಾಗ, ಯಾವ ಊರನ್ನು ಆರಿಸಿಕೊಳ್ಳುವುದೆಂಬ ಯೋಚನೆ ನಮ್ಮನ್ನು ಹೆಚ್ಚು ಹೊತ್ತು ಕಾಡಲಿಲ್ಲ. ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಪಾಠ ನಡೆಯುತ್ತಿದ್ದಾಗ ಒಬ್ಬಳು ಹುಡುಗಿ ಎದ್ದುನಿಂತು, "ಟೀಚರ್, ಅಲೆಕ್ಸಾಂಡ್ರಿಯದ ಗ್ರಂಥಾಲಯವನ್ನು ಸುಟ್ಟವರು ಯಾರು?" ಎಂದು ಕೇಳಿದ್ದಳು. ಒಂದು ವಾಕ್ಯದಲ್ಲಿ ಉತ್ತರ ಬರೆದುಕೊಳ್ಳಲು ಪೆನ್ನು ಹಿಡಿದು ಸಿದ್ಧಳಾಗಿದ್ದಳು. ಆ ದಿನ ನಾವು ಉತ್ತರ ಕೊಡಲಿಲ್ಲ. ಗಂಟೆ ಹೊಡೆದುದು ನಮ್ಮ ಪುಣ್ಯ. ಅವಳಿಗೆ ಕೊಡಬೇಕಾಗಿದ್ದ ಉತ್ತರವೇ ಇಂದಿನ ಈ ಮಾತು. ಒಂದು ವಾಕ್ಯದಲ್ಲಿ ಅದು ಮುಗಿಯುವುದಿಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಈಜಿಪ್ಟಿನ ಉತ್ತರದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೂ ಮರಿಯೋಟಿಸ್ ಎಂಬ ಸರೋವರಕ್ಕೂ ನಡುವೆ, ಕಿರಿದಾದ ಒಂದು ನೆಲದ ಪಟ್ಟಿಯಿದೆ. ಆ ಕಾಲದಲ್ಲಿ ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಸಿಹಿನೀರು ಇತ್ತು. ಕಡಲಿಗೂ ಹಿನ್ನೀರಿಗೂ ನಡುವೆ ಬದುಕುವುದೆಂದರೆ ಏನೆಂಬುದನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮೊದಲೇ ರಾಕೋಟಿಸ್ ಎಂಬ ಹಳ್ಳಿಯಿತ್ತು. ಎದುರಿಗೆ ಕಡಲಲ್ಲಿ ಫಾರೋಸ್ ಎಂಬ ದ್ವೀಪ. ಕ್ರಿ.ಪೂ. 331ರಲ್ಲಿ ಮ್ಯಾಸಿಡೋನಿಯದ ಅಲೆಕ್ಸಾಂಡರನು ಅಲ್ಲಿಗೆ ಬಂದು ತನ್ನ ಹೆಸರಿನ ಪಟ್ಟಣಕ್ಕೆ ಸ್ಥಳ ಗೊತ್ತುಮಾಡಿದನು. ಬೀದಿಗಳ ಗೆರೆಯನ್ನು ನೆಲದ ಮೇಲೆ ಎಳೆಯಲು ಸುಣ್ಣದ ಪುಡಿ ಸಾಲದೆ, ಸೈನಿಕರ ಆಹಾರಕ್ಕೆಂದು ತಂದಿದ್ದ ಜವೆಗೋಧಿಯ ಹಿಟ್ಟನ್ನೇ ಬಳಸಿದರಂತೆ. ಆಕಾಶ ತುಂಬ ಹಕ್ಕಿಗಳು ಇಳಿದುಬಂದು ಆ ಹಿಟ್ಟನ್ನೆಲ್ಲ ತಿಂದುಬಿಟ್ಟವಂತೆ. ಅಪಶಕುನವೆಂದು ಅರಸನು ಕಳವಳಗೊಂಡಾಗ, ಈ ಪಟ್ಟಣವು ನಾನಾ ದೇಶದವರಿಗೆ ಅನ್ನವಿಡುತ್ತದೆಂದು ಜೋಯಿಸರು ಫಲ ಹೇಳಿದರೆಂದು ಪ್ಲೂಟಾರ್ಕನು ಬರೆದಿದ್ದಾನೆ. ಅರಸನು ಕಟ್ಟಿಸಿದ ಪಟ್ಟಣವನ್ನು ಸ್ವತಃ ನೋಡಲಿಲ್ಲ. ಎಂಟು ವರ್ಷಗಳ ಬಳಿಕ ಬಾಬಿಲೋನಿನಲ್ಲಿ ತೀರಿಕೊಂಡು, ಶವವಾಗಿ ಈಜಿಪ್ಟಿಗೆ ಬಂದು, ಕಡೆಗೆ ಅಲ್ಲಿಯೇ ಸಮಾಧಿಯಾದನು.

ಪಟ್ಟಣವನ್ನು ನಿಜವಾಗಿ ಕಟ್ಟಿದವರು ಅವನ ಸೇನಾನಿ ಟಾಲೆಮಿ ಮತ್ತು ಅವನ ವಂಶದವರು. ತೀರದಿಂದ ಫಾರೋಸ್ ದ್ವೀಪದವರೆಗೆ ಏಳು ಸ್ಟೇಡಿಯಗಳ ಉದ್ದ, ಅಂದರೆ ಒಂದು ಕಿಲೋಮೀಟರಿಗೂ ಮಿಕ್ಕಿ, ಕಲ್ಲಿನ ಕಟ್ಟೆ ಹಾಕಿದರು. ಅದರಿಂದ ಒಂದೇ ಕೊಲ್ಲಿ ಎರಡು ರೇವುಗಳಾಯಿತು. ಪೂರ್ವದ್ದು ಮಹಾರೇವು. ಪಶ್ಚಿಮದ್ದಕ್ಕೆ ಸುಖವಾಗಿ ಮರಳಿ ಬರುವುದೆಂಬ ಅರ್ಥದ ಹೆಸರನ್ನಿಟ್ಟರು. ಮಗನನ್ನೋ ಗಂಡನನ್ನೋ ಕಡಲಿಗೆ ಕಳುಹಿಸಿದವರ ಬಾಯಿಂದಲೇ ಆ ಹೆಸರು ಬಂದಿರಬೇಕೆಂದು ನಮಗೆ ಅನಿಸುತ್ತದೆ. ನೈಲ್ ನದಿಯ ಒಂದು ಕವಲಿನಿಂದ ಕಾಲುವೆ ತೆಗೆದು, ಮನೆಗಳಡಿಯ ತೊಟ್ಟಿಗಳಿಗೆ ಕುಡಿಯುವ ನೀರು ತುಂಬಿಸಿದರು. ದ್ವೀಪದ ತುದಿಯಲ್ಲಿ, ಕ್ರಿ.ಪೂ. 280ರ ಸುಮಾರಿಗೆ, ನೂರು ಮೀಟರಿಗೂ ಎತ್ತರದ ದೀಪಸ್ತಂಭ ಎದ್ದಿತು. ಅದು ಪ್ರಾಚೀನ ಲೋಕದ ಏಳು ಅದ್ಭುತಗಳಲ್ಲಿ ಒಂದೆಂದು ಮಕ್ಕಳಿಗೆಲ್ಲ ಬಾಯಿಪಾಠವಾಗಿರುವುದರಿಂದ ಹೆಚ್ಚು ಹೇಳುವುದಿಲ್ಲ. ಫ್ರೆಂಚ್ ಭಾಷೆಯಲ್ಲಿ ಇಂದಿಗೂ ದೀಪಸ್ತಂಭಕ್ಕೆ ಬಳಸುವ ಶಬ್ದ ಆ ದ್ವೀಪದ ಹೆಸರಿನಿಂದಲೇ ಬಂದುದೆಂಬುದನ್ನು ಮಾತ್ರ ಸೇರಿಸಬಹುದು.

ಇನ್ನು ಗ್ರಂಥಾಲಯ. ಟಾಲೆಮಿಗಳು ಪುಸ್ತಕ ಕೂಡಿಹಾಕಿದ ಬಗೆಯನ್ನು ಗೇಲನ್ ಎಂಬ ವೈದ್ಯನು ಹೇಳಿದ್ದಾನೆ. ರೇವಿಗೆ ಬಂದ ಹಡಗುಗಳಲ್ಲಿ ಪುಸ್ತಕಗಳಿದ್ದರೆ ಅಧಿಕಾರಿಗಳು ಅವನ್ನು ವಶಪಡಿಸಿಕೊಳ್ಳುತ್ತಿದ್ದರು. ಲಿಪಿಕಾರರು ಪ್ರತಿ ಮಾಡುತ್ತಿದ್ದರು. ಹಡಗಿನವನಿಗೆ ಪ್ರತಿಯನ್ನು ಮರಳಿಸಿ, ಮೂಲವನ್ನು 'ಹಡಗುಗಳಿಂದ ಬಂದುದು' ಎಂಬ ಗುರುತಿನೊಡನೆ ತಾವೇ ಇಟ್ಟುಕೊಳ್ಳುತ್ತಿದ್ದರು. ಅಥೆನ್ಸಿನಿಂದ ಹಳೆಯ ದುರಂತ ನಾಟಕಗಳ ಅಧಿಕೃತ ಪ್ರತಿಗಳನ್ನು ಎರವಲು ತಂದಾಗ 15 ಟ್ಯಾಲೆಂಟ್ ಬೆಳ್ಳಿಯನ್ನು ಈಡಾಗಿ ಇಟ್ಟಿದ್ದರು. ಪುಸ್ತಕ ಮರಳಿ ಕೊಡಲಿಲ್ಲ. ಈಡಿನ ಹಣ ಹೋದರೆ ಹೋಗಲಿ ಎಂದರು. ಗ್ರಂಥಾಲಯದ ಪುಸ್ತಕ ಹಿಂತಿರುಗಿಸದವರ ಪಟ್ಟಿ ನಮ್ಮ ಕಚೇರಿಯಲ್ಲಿಯೂ ಇದೆ. ಅವರಿಗೆ ರಾಜವಂಶದ ಮೇಲ್ಪಂಕ್ತಿಯೊಂದು ಈಗ ಸಿಕ್ಕಂತಾಯಿತು. ಕಲ್ಲಿಮಾಕಸ್ ಎಂಬ ಕವಿ ಅಲ್ಲಿನ ಗ್ರಂಥಗಳಿಗೆ ವಿಷಯವಾರು ಸೂಚಿಯನ್ನು ರಚಿಸಿದನು. ಆ ಸೂಚಿಯೇ 120 ಸುರುಳಿಗಳಷ್ಟಿತ್ತು.

ಅಲ್ಲಿನ ಗ್ರಂಥಪಾಲನಾಗಿದ್ದ ಎರಟೋಸ್ತನೀಸನು ಊರು ಬಿಟ್ಟು ಹೋಗದೆ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದ ಕಥೆಯನ್ನು ಮಕ್ಕಳು ಕೇಳಬೇಕು. ವರ್ಷದ ಅತಿ ದೀರ್ಘ ಹಗಲಿನ ನಡುಮಧ್ಯಾಹ್ನ ದಕ್ಷಿಣದ ಸೈಯೀನಿನಲ್ಲಿ, ಅಂದರೆ ಇಂದಿನ ಆಸ್ವಾನಿನಲ್ಲಿ, ಸೂರ್ಯನ ಬಿಸಿಲು ಬಾವಿಯ ತಳಕ್ಕೆ ನೇರ ಬೀಳುತ್ತದೆ, ನೆಟ್ಟ ಕೋಲಿಗೆ ನೆರಳಿಲ್ಲ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ಕೋಲಿಗೆ ನೆರಳಿದೆ. ಆ ನೆರಳಿನ ಕೋನ ವೃತ್ತದ 50ರಲ್ಲಿ ಒಂದು ಪಾಲು. ಎರಡು ಊರುಗಳ ನಡುವಿನ ದೂರ 5000 ಸ್ಟೇಡಿಯ. ಆದುದರಿಂದ ಭೂಮಿಯ ಸುತ್ತಳತೆ 2,50,000 ಸ್ಟೇಡಿಯ. ಮುಂದೆ ಅದನ್ನು 2,52,000 ಎಂದು ತಿದ್ದಿಕೊಂಡನು. ಒಂದು ಕೋಲು, ಒಂದು ನೆರಳು, ಏಳನೆಯ ತರಗತಿಯ ಗುಣಾಕಾರ. ನಮ್ಮ ಮೈದಾನದಲ್ಲಿ ಕೋಲು ನೆಡಲು ಜಾಗವಿದೆ. ಗಣಿತದ ಅಧ್ಯಾಪಕರು ಇಲ್ಲಿಯೇ ಕುಳಿತಿದ್ದಾರೆ.

ಹುಡುಗಿಯ ಪ್ರಶ್ನೆಗೆ ಬರೋಣ. ಕ್ರಿ.ಪೂ. 48ರಲ್ಲಿ ಜೂಲಿಯಸ್ ಸೀಸರನು ರೇವಿನಲ್ಲಿದ್ದ ಹಡಗುಗಳಿಗೆ ಹಚ್ಚಿದ ಬೆಂಕಿ ದಡಕ್ಕೂ ಹಬ್ಬಿ ಪುಸ್ತಕಗಳನ್ನು ಸುಟ್ಟಿತೆಂದು ಪ್ಲೂಟಾರ್ಕನೂ ಇತರರೂ ಹೇಳುತ್ತಾರೆ. ಮೂರನೆಯ ಶತಮಾನದ ಯುದ್ಧಗಳಲ್ಲಿ ಅರಮನೆಯ ಕೇರಿಯೇ ನೆಲಸಮವಾಯಿತು. 391ರ ಸುಮಾರಿಗೆ ಸೆರಾಪಿಯಮ್ ಎಂಬ ದೇವಾಲಯವನ್ನು ಕ್ರೈಸ್ತರ ಗುಂಪು ಕೆಡವಿತು. ಗ್ರಂಥಾಲಯದ ಶಾಖೆಯೊಂದು ಹಿಂದೆ ಅಲ್ಲಿತ್ತು. ಅರಬರು ಪಟ್ಟಣವನ್ನು ಗೆದ್ದಾಗ ಖಲೀಫ ಉಮರನ ಅಪ್ಪಣೆಯಂತೆ ಪುಸ್ತಕಗಳನ್ನು ಸ್ನಾನಗೃಹಗಳ ಒಲೆಗೆ ಹಾಕಿದರೆಂಬ ಕಥೆಯೇ ಎಲ್ಲಕ್ಕಿಂತ ಹೆಚ್ಚು ಪ್ರಚಾರದಲ್ಲಿದೆ. ಆದರೆ ಆ ಕಥೆ ಬರೆಹದಲ್ಲಿ ಮೊದಲು ಕಾಣುವುದು ಘಟನೆ ನಡೆದಿತ್ತೆನ್ನುವ ಕಾಲಕ್ಕಿಂತ ಸುಮಾರು 600 ವರ್ಷ ಈಚೆಗೆ. ಇಂದಿನ ಇತಿಹಾಸಕಾರರು ಅದನ್ನು ನಂಬುವುದಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಬೆಂಕಿಗಿಂತ ದೊಡ್ಡ ಹಾನಿ ಮಾಡಿದುದು ಅಸಡ್ಡೆ. ಪಪೈರಸ್ ಸುರುಳಿ ಕಡಲತೀರದ ತೇವದಲ್ಲಿ ಎಷ್ಟು ಕಾಲ ಬಾಳೀತು? ತಲೆಮಾರಿಗೊಮ್ಮೆಯಾದರೂ ಅದನ್ನು ಪ್ರತಿ ಮಾಡಲೇಬೇಕು. ಲಿಪಿಕಾರನ ಸಂಬಳ ನಿಂತ ದಿನವೇ ಗ್ರಂಥಾಲಯಕ್ಕೆ ಸಾವು ಆರಂಭವಾಯಿತು. ನಮ್ಮ ಮಳೆಗಾಲದಲ್ಲಿ ಬೀರು ತೆರೆಯದೆ ಬಿಟ್ಟ ಪುಸ್ತಕಗಳ ಗತಿಯನ್ನು ಕಂಡವರಿಗೆ ಈ ಮಾತು ಅರ್ಥವಾಗುತ್ತದೆ.

ಈ ಪಟ್ಟಣದ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚು ಸೆಳೆದುದು ಅಲ್ಲಿನ ನುಡಿಗಳ ಕಥೆ. ಈಜಿಪ್ಟಿನ ಮಣ್ಣಿನಲ್ಲಿದ್ದರೂ ಅದು ಗ್ರೀಕ್ ಆಡುವ ಪಟ್ಟಣ. ಅರಮನೆ, ನ್ಯಾಯಾಲಯ, ತೆರಿಗೆಯ ಕಚೇರಿ, ಎಲ್ಲವೂ ಗ್ರೀಕಿನಲ್ಲಿ. ಅಕ್ಷರ ಕಲಿಸುವ ಉಪಾಧ್ಯಾಯರಿಗೆ ಉಪ್ಪಿನ ತೆರಿಗೆಯಿಂದ ವಿನಾಯಿತಿ ಕೊಟ್ಟ ಆಜ್ಞೆಯೊಂದು ಎರಡನೆಯ ಟಾಲೆಮಿಯ ಕಾಲದ ಪಪೈರಸಿನಲ್ಲಿ ಉಳಿದುಬಂದಿದೆ. (ಸಹೋದ್ಯೋಗಿಗಳು ಇದನ್ನು ಗಮನಿಸಬೇಕು, ಆದಾಯ ತೆರಿಗೆಯ ಬಗ್ಗೆ ಅದರಲ್ಲಿ ಏನೂ ಇಲ್ಲ.) ಕೆಲಸ ಬೇಕೆಂಬ ಈಜಿಪ್ಟಿನವನು ಗ್ರೀಕ್ ಕಲಿತನು. ಅರಸರು ಮಾತ್ರ ಪ್ರಜೆಗಳ ನುಡಿಯನ್ನು ಕಲಿಯಲಿಲ್ಲ. ಸುಮಾರು 300 ವರ್ಷ ಆಳಿದ ಆ ವಂಶದಲ್ಲಿ ಈಜಿಪ್ಟಿನ ಭಾಷೆಯನ್ನು ಕಲಿತವಳು ಕೊನೆಯ ರಾಣಿ ಕ್ಲಿಯೋಪಾತ್ರಳು; ಅವಳ ಹಿಂದಿನ ಅರಸರು ಆ ಶ್ರಮವನ್ನೇ ತೆಗೆದುಕೊಳ್ಳಲಿಲ್ಲವೆಂದು ಪ್ಲೂಟಾರ್ಕನು ಹೇಳುತ್ತಾನೆ. ಅವಳ ರೂಪದ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ಅವಳು ಹಲವು ನುಡಿಗಳನ್ನು ದುಭಾಷಿಯಿಲ್ಲದೆ ಆಡುತ್ತಿದ್ದಳೆಂಬುದನ್ನು ಹೇಳುವವರು ಕಡಿಮೆ.

ಅಲ್ಲಿ ಯಹೂದ್ಯರ ದೊಡ್ಡ ಕೇರಿಯಿತ್ತು. ಎರಡು ಮೂರು ತಲೆಮಾರುಗಳಲ್ಲಿ ಅವರ ಮನೆಮಾತು ಗ್ರೀಕ್ ಆಯಿತು. ತಮ್ಮ ಧರ್ಮಗ್ರಂಥದ ಹೀಬ್ರೂ ಅವರಿಗೆ ತಿಳಿಯದಾಯಿತು. ಆಗ ಆ ಗ್ರಂಥವನ್ನು ಗ್ರೀಕಿಗೆ ಅನುವಾದಿಸಿದರು. 72 ಮಂದಿ ಹಿರಿಯರು ಫಾರೋಸ್ ದ್ವೀಪದಲ್ಲಿ ಕುಳಿತು ಅದನ್ನು ಮಾಡಿದರೆಂದು ಐತಿಹ್ಯ. ಆ ಅನುವಾದದ ನೆನಪಿಗಾಗಿ ವರ್ಷಕ್ಕೊಮ್ಮೆ ಜನರು ದ್ವೀಪಕ್ಕೆ ದಾಟಿ, ಕಡಲದಂಡೆಯಲ್ಲಿ ಡೇರೆ ಹಾಕಿ ಉಣ್ಣುತ್ತಿದ್ದರೆಂದು ಅದೇ ಪಟ್ಟಣದ ತತ್ತ್ವಜ್ಞಾನಿ ಫೈಲೋ ಬರೆದಿದ್ದಾನೆ. ಅನುವಾದಕ್ಕೆ ಹಬ್ಬ ಮಾಡಿದ ಜನ ಅವರು. ಈ ಹಬ್ಬವನ್ನು ನೆನೆದಾಗ ಸಂತೋಷವೂ ಆಗುತ್ತದೆ, ಎದೆಯಲ್ಲಿ ಏನೋ ಚುಚ್ಚಿದಂತೆಯೂ ಆಗುತ್ತದೆ. ಕಳೆದುಹೋದುದಕ್ಕೂ ಉಳಿದುಕೊಂಡುದಕ್ಕೂ ಒಂದೇ ದಿನ ಊಟ ಹಾಕಿದಂತೆ.

ಈ ಪಟ್ಟಣಕ್ಕೂ ನಮ್ಮ ಕರಾವಳಿಗೂ ಇದ್ದ ನಂಟನ್ನು ಇಲ್ಲಿ ಹೇಳಬೇಕು. ರೋಮನರ ಆಡಳಿತದ ಆರಂಭದಲ್ಲಿ, ಕೆಂಪು ಸಮುದ್ರದ ಒಂದು ರೇವಿನಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವೆಂದು ಸ್ಟ್ರಾಬೋ ಬರೆದಿದ್ದಾನೆ. ಮುಂಗಾರಿನ ಗಾಳಿ ಹಿಡಿದು ಬಂದು, ಗಾಳಿ ತಿರುಗಿದ ಮೇಲೆ ಮರಳುತ್ತಿದ್ದವು. ಸರಕು ಒಂಟೆಯ ಮೇಲೆ ಮರುಭೂಮಿ ದಾಟಿ, ನೈಲ್ ನದಿಯ ದೋಣಿಗಳಲ್ಲಿ ಇಳಿದು, ಅಲೆಕ್ಸಾಂಡ್ರಿಯದ ಉಗ್ರಾಣ ಸೇರುತ್ತಿತ್ತು. ಎರಡನೆಯ ಶತಮಾನದ ಒಂದು ಪಪೈರಸ್ ಈಗ ವಿಯೆನ್ನಾದಲ್ಲಿದೆ. ಕೊಡುಂಗಲ್ಲೂರಿನ ಬಳಿಯ ಮುಜಿರಿಸ್ ರೇವಿನ ವ್ಯಾಪಾರಕ್ಕಾಗಿ ಮಾಡಿದ ಸಾಲದ ಕರಾರು ಅದು. ಹಡಗಿನ ಹೆಸರು ಹೆರ್ಮಾಪೊಲ್ಲೋನ್. ಹಡಗಿನಲ್ಲಿದ್ದ ಸರಕುಗಳಲ್ಲಿ ಆನೆದಂತವೂ ಗಂಗೆಯ ಕಡೆಯ ಜಟಾಮಾಂಸಿಯೂ ಇವೆ. ಸರಕಿನ ನಾಲ್ಕನೆಯ ಒಂದು ಪಾಲು ಸರಕಾರಕ್ಕೆ ತೆರಿಗೆ. ಆ ವ್ಯಾಪಾರದ ಜೀವಾಳವೆಂದರೆ ಕಾಳುಮೆಣಸು. ನಮ್ಮ ತೋಟಗಳಲ್ಲಿ ಕಂಗಿಗೆ ಹಬ್ಬುವ ಅದೇ ಒಳ್ಳೆಮೆಣಸು. ಅಲೆಕ್ಸಾಂಡ್ರಿಯದವರನ್ನು ಉದ್ದೇಶಿಸಿ ಡಿಯೋ ಕ್ರಿಸೋಸ್ಟಮನು ಮಾಡಿದ ಭಾಷಣದಲ್ಲಿ, ಸಭೆಯಲ್ಲಿ ಕುಳಿತವರ ನಡುವೆ ಕೆಲವರು ಭಾರತೀಯರೂ ಇದ್ದಾರೆಂಬ ಮಾತು ಬರುತ್ತದೆ.

ಇನ್ನೊಂದು ಪಪೈರಸ್ ಸಿಕ್ಕಿದುದು ನೈಲ್ ನದಿಯ ಮೇಲ್ಗಡೆಯ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬದಲ್ಲಿ. ಅದರಲ್ಲೊಂದು ಗ್ರೀಕ್ ಪ್ರಹಸನವಿದೆ. ಖಾರಿಟಿಯೋನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತೀರದ ಅರಸನೊಬ್ಬನ ಕೈಯಲ್ಲಿ ಸಿಕ್ಕಿದ್ದಾಳೆ. ಅಣ್ಣ ಗೆಳೆಯರೊಡನೆ ಹಡಗು ತಂದಿದ್ದಾನೆ. ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅಮಲೇರಿದಾಗ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ನಡುವೆ ವಿದೂಷಕನು ದೇವಿಯ ಕಾಣಿಕೆಗಳನ್ನು ಕದಿಯಲು ಹೊರಟಾಗ ಆ ತರುಣಿಯೇ ತಡೆಯುತ್ತಾಳೆ. ಎಲ್ಲೆಲ್ಲಿ ಮದ್ದಳೆ ಬಾರಿಸಬೇಕೆಂಬ ಸೂಚನೆಗಳೂ ಬರೆದಿವೆ. ನಮ್ಮ ಯಕ್ಷಗಾನದ ಹುಡುಗರಿಗೆ ಇಷ್ಟವಾಗಬಹುದು. ಭಾರತೀಯ ಪಾತ್ರಗಳು ಗ್ರೀಕ್ ಅಲ್ಲದ ಯಾವುದೋ ಮಾತನ್ನಾಡುತ್ತವೆ. ಆ ಮಾತು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಬೆಂಬಲಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಈ ವಿಷಯವನ್ನು ಎತ್ತಿಕೊಂಡು ಬರೆದವರು. ಬಾರ್ನೆಟ್ ಮುಂತಾದವರು ಒಪ್ಪಲಿಲ್ಲ. ನಗಿಸಲೆಂದು ಪೋಣಿಸಿದ ಅರ್ಥವಿಲ್ಲದ ಸದ್ದುಗಳು ಅವು ಎಂಬ ವಾದವೂ ಇದೆ.

ಕನ್ನಡವೇ ಎಂದು ವೇದಿಕೆಯಿಂದ ಘೋಷಿಸಿದರೆ ಚಪ್ಪಾಳೆ ಬೀಳುತ್ತದೆಂಬುದು ನಮಗೆ ಗೊತ್ತು. ಆದರೆ ತೀರ್ಮಾನವಾಗದುದನ್ನು ತೀರ್ಮಾನವಾಯಿತೆಂದು ಮಕ್ಕಳಿಗೆ ಕಲಿಸುವುದು ಅಧ್ಯಾಪಕರ ಧರ್ಮವಲ್ಲ. ನಮ್ಮ ಮನಸ್ಸಿನಲ್ಲಿ ಉಳಿದುದು ಬೇರೊಂದು ಸಂಗತಿ. ನಮ್ಮ ತೀರದ ಮಾತೇ ಆಗಿದ್ದರೂ, ಅದು ಆ ರಂಗಸ್ಥಳಕ್ಕೆ ಹೋದುದು ನಗೆಯ ವಸ್ತುವಾಗಿ. ಅರ್ಥವಾಗದವರ ಕಿವಿಗೆ ಇನ್ನೊಬ್ಬರ ನುಡಿ ಬರಿಯ ಗದ್ದಲ. ಅರ್ಜಿ ಹಿಡಿದು ಯಾವುದೋ ಕಚೇರಿಯ ಕಿಟಕಿಯ ಮುಂದೆ ನಿಂತು, ತಮ್ಮ ಮಾತಿಗೆ ಒಳಗಿನಿಂದ ನಗು ಕೇಳಿಸಿಕೊಂಡವರು ಈ ಸಭೆಯಲ್ಲಿಯೂ ಇದ್ದಾರೆ. ನಾವೂ ಅವರಲ್ಲಿ ಸೇರಿದವರೇ. ಆದುದರಿಂದ ಆ ಪ್ರಹಸನವನ್ನು ಓದುವಾಗ ಹೆಮ್ಮೆಯೊಂದೇ ಆಗಲಿಲ್ಲ.

415ರಲ್ಲಿ ಹೈಪೇಷಿಯಳ ಕೊಲೆಯಾಯಿತು. ಗಣಿತಜ್ಞ ಥಿಯೋನನ ಮಗಳು. ಸ್ವತಃ ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಬೋಧಿಸುತ್ತಿದ್ದಳು. ಧರ್ಮಾಧಿಕಾರಿಗೂ ಪಟ್ಟಣದ ಆಡಳಿತಾಧಿಕಾರಿಗೂ ನಡೆದ ಜಗಳದ ನಡುವೆ ಕ್ರೈಸ್ತರ ಗುಂಪೊಂದು ಅವಳನ್ನು ಬೀದಿಯಲ್ಲಿ ಎಳೆದು ಕೊಂದಿತು. ಅವಳು ಬರೆದ ಪತ್ರವೊಂದೂ ಉಳಿದಿಲ್ಲ. ಅವಳ ವಿದ್ಯಾರ್ಥಿ ಸಿನೇಸಿಯಸ್ ಅವಳಿಗೆ ಬರೆದ ಪತ್ರಗಳು ಉಳಿದಿವೆ. ಮುಂದೆ ಅವನು ಬಿಷಪ್ ಆದನು. ಆದರೂ ಅವಳನ್ನು ಗುರುವೆಂದೇ ಕರೆದನು. ಮಕ್ಕಳನ್ನು ಕಳೆದುಕೊಂಡ ದುಃಖದಲ್ಲಿ ಹಾಸಿಗೆ ಹಿಡಿದಾಗಲೂ ಅವಳಿಗೆ ಪತ್ರ ಬರೆದನು. ಅಧ್ಯಾಪಕಿಯಾಗಿ ಹೈಪೇಷಿಯ ಎಂಥವಳೆಂದು ನಮಗೆ ತಿಳಿದಿರುವುದು ಆ ಶಿಷ್ಯನ ಕಾಗದಗಳಿಂದ.

ಏಳನೆಯ ಶತಮಾನದ 40ರ ದಶಕದಲ್ಲಿ ಅಮ್ರ್ ಇಬ್ನ್ ಅಲ್ ಆಸನ ಸೇನೆ ಪಟ್ಟಣವನ್ನು ಪಡೆಯಿತು. ರಾಜಧಾನಿ ನೈಲ್ ತೀರದ ಫುಸ್ತಾತಿಗೆ ಹೋಯಿತು. ಮೊದಮೊದಲು ಲೆಕ್ಕಪತ್ರಗಳು ಹಿಂದಿನಂತೆ ಗ್ರೀಕಿನಲ್ಲಿಯೇ ನಡೆದವು. ಎಂಟನೆಯ ಶತಮಾನದ ಆರಂಭದಲ್ಲಿ ಕಚೇರಿಯ ಭಾಷೆ ಅರಬಿಯಾಗಬೇಕೆಂಬ ಆಜ್ಞೆ ಬಂತು. ಗ್ರೀಕ್ ಹಿಂದೆ ಸರಿಯಿತು. ಈಜಿಪ್ಟಿನ ಮೂಲ ನುಡಿಯು ಆ ವೇಳೆಗೆ ಗ್ರೀಕ್ ಅಕ್ಷರಗಳನ್ನೂ ತನ್ನ ಹಳೆಯ ಲಿಪಿಯ ಕೆಲವು ಅಕ್ಷರಗಳನ್ನೂ ಸೇರಿಸಿಕೊಂಡು ಕಾಪ್ಟಿಕ್ ಎಂಬ ಹೆಸರಿನಲ್ಲಿತ್ತು. ಅದು ಒಮ್ಮೆಗೇ ಸಾಯಲಿಲ್ಲ. ಕಚೇರಿಯಿಂದ ಹೋಯಿತು, ಆಮೇಲೆ ಪೇಟೆಯಿಂದ, ಆಮೇಲೆ ಅಡುಗೆಮನೆಯಿಂದ. ಹಲವು ಶತಮಾನಗಳ ಬಳಿಕ ಉಳಿದುದು ಇಗರ್ಜಿಯ ಪ್ರಾರ್ಥನೆಯಲ್ಲಿ ಮಾತ್ರ. ಅರ್ಥ ತಿಳಿಯದ ಮಕ್ಕಳೂ ಅದನ್ನು ಹಾಡಿದರು.

1326ರಲ್ಲಿ ಮೊರಾಕ್ಕೋದ ಯುವಕ ಇಬ್ನ್ ಬತೂತ ಅಲೆಕ್ಸಾಂಡ್ರಿಯಕ್ಕೆ ಬಂದನು. ದೀಪಸ್ತಂಭದ ಒಂದು ಮುಖ ಕುಸಿದಿರುವುದನ್ನು ಕಂಡನು. ಅಲ್ಲಿನ ಸಾಧುವೊಬ್ಬರು, ನೀನು ಹಿಂದ್, ಸಿಂಧ್, ಚೀನಗಳಿಗೆ ಹೋಗುವೆ, ಅಲ್ಲಿರುವ ನನ್ನ ಬಂಧುಗಳಿಗೆ ನಮಸ್ಕಾರ ತಿಳಿಸು ಎಂದರು. ಆ ದೇಶಗಳನ್ನು ನೋಡಬೇಕೆಂಬ ಆಸೆ ಮನಸ್ಸಿನಲ್ಲಿ ನೆಟ್ಟುದು ಆಗಲೇ ಎಂದು ಅವನು ಹೇಳಿಕೊಂಡಿದ್ದಾನೆ. ಹದಿನೈದು ಹದಿನಾರು ವರ್ಷಗಳ ಬಳಿಕ ಅವನು ನಮ್ಮ ಕರಾವಳಿಯುದ್ದಕ್ಕೂ ಪ್ರಯಾಣ ಮಾಡಿದನು. ಬಸರೂರು, ಬಾರ್ಕೂರುಗಳನ್ನು ಕಂಡು ಮಂಗಳೂರಿನಲ್ಲಿ ತಂಗಿದನು. ಅಲ್ಲಿಂದ ಹಡಗೇರಿ ಎರಡು ದಿನಗಳಲ್ಲಿ ಏಳಿಮಲೆಯ ಹೀಲಿಯನ್ನು ಸೇರಿದೆನೆಂದು ಬರೆದನು. ನಡುವಣ ತೀರದ ಬಗ್ಗೆ ಏನೂ ಹೇಳಲಿಲ್ಲ. ಆ ಎರಡು ದಿನ ಅವನ ಎಡಗಡೆಗೆ ಕಂಡ ತೆಂಗಿನ ಸಾಲು ನಮ್ಮದು. 1349ರಲ್ಲಿ ಮರಳಿ ಅಲೆಕ್ಸಾಂಡ್ರಿಯಕ್ಕೆ ಹೋದಾಗ ದೀಪಸ್ತಂಭದ ಬಾಗಿಲವರೆಗೂ ಏರಲಾಗದಷ್ಟು ಅದು ಕೆಟ್ಟಿತ್ತು. 1477ರಲ್ಲಿ ಸುಲ್ತಾನ್ ಖೈತ್‌ಬೇ ಅದೇ ಜಾಗದಲ್ಲಿ ಕೋಟೆ ಕಟ್ಟಿಸಿದನು; ಅದು ಈಗಲೂ ಇದೆ.

ಆ ಕಾಲದಲ್ಲಿ ನಮ್ಮ ಮೆಣಸನ್ನು ಅಲೆಕ್ಸಾಂಡ್ರಿಯದಲ್ಲಿ ಕೊಂಡು ಯೂರೋಪಿಗೆ ಮಾರಿದವರು ವೆನಿಸಿನ ವರ್ತಕರು. 1498ರಲ್ಲಿ ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಬಂದ ಮೇಲೆ ಹೊಸ ದಾರಿ ತೆರೆಯಿತು. ಹಳೆಯ ದಾರಿ ಒಮ್ಮೆಗೇ ಮುಚ್ಚಲಿಲ್ಲವಾದರೂ ಪಟ್ಟಣ ಸೊರಗುತ್ತ ಬಂತು. ಸಿಹಿನೀರಿನ ಕಾಲುವೆ ಹೂಳು ತುಂಬಿತು. 1798ರಲ್ಲಿ ನೆಪೋಲಿಯನ್ ಬಂದಿಳಿದಾಗ ಅಲ್ಲಿ ಇದ್ದುದು ಕೆಲವೇ ಸಾವಿರ ಜನ. ಮರುವರ್ಷ ಹತ್ತಿರದ ರಶೀದಿನಲ್ಲಿ ಫ್ರೆಂಚ್ ಸೈನಿಕರಿಗೆ ಒಂದು ಕಲ್ಲು ಸಿಕ್ಕಿತು. ಒಂದೇ ಶಾಸನ, ಚಿತ್ರಲಿಪಿಯಲ್ಲಿ, ಡೆಮೋಟಿಕ್ ಲಿಪಿಯಲ್ಲಿ, ಗ್ರೀಕಿನಲ್ಲಿ. 1801ರಲ್ಲಿ ಅಲೆಕ್ಸಾಂಡ್ರಿಯದ ಶರಣಾಗತಿ ಒಪ್ಪಂದದಂತೆ ಅದು ಬ್ರಿಟಿಷರ ಕೈಸೇರಿತು. ಚಿತ್ರಲಿಪಿಯನ್ನು 1822ರಲ್ಲಿ ಒಡೆದು ಓದಿದವನು ಶಾಂಪೋಲಿಯನ್. ಅವನಿಗೆ ಗ್ರೀಕಿನಷ್ಟೇ ನೆರವಾದುದು ಕಾಪ್ಟಿಕ್. ಪ್ಯಾರಿಸಿನ ಒಂದು ಇಗರ್ಜಿಯಲ್ಲಿ ಕಾಪ್ಟಿಕ್ ಪಾದ್ರಿಯ ಬಳಿ ಅವನು ಆ ನುಡಿಯ ಉಚ್ಚಾರವನ್ನು ಕೇಳಿ ಕಲಿತಿದ್ದನು. ಯಾರ ಉಪಯೋಗಕ್ಕೂ ಬಾರದ ನುಡಿಯೆಂದು ಕಂಡುದು, ಮೂರು ಸಾವಿರ ವರ್ಷಗಳ ಬರೆಹಕ್ಕೆ ಬೀಗದ ಕೈಯಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟಣಕ್ಕೆ ಮರುಹುಟ್ಟು ಬಂತು. ಆಡಳಿತಗಾರ ಮುಹಮ್ಮದ್ ಅಲಿ ನೈಲ್ ನದಿಯಿಂದ ಮಹಮೂದಿಯ ಕಾಲುವೆಯನ್ನು ತೋಡಿಸಿದನು, 1820ರಲ್ಲಿ ಮುಗಿಯಿತು. ಬಿಟ್ಟಿ ಕೆಲಸಕ್ಕೆ ಎಳೆತಂದ ರೈತರಲ್ಲಿ ಸಾವಿರಾರು ಮಂದಿ ಅಲ್ಲಿಯೇ ಸತ್ತರು. ಹತ್ತಿಯ ವ್ಯಾಪಾರ ಬೆಳೆಯಿತು; 1861ರಿಂದ ಅಮೆರಿಕದ ಅಂತರ್ಯುದ್ಧ ನಡೆದಾಗ ಬೆಲೆ ಏರಿ ವರ್ತಕರ ಕೈತುಂಬ ಹಣ. ಗ್ರೀಕರು, ಇಟಾಲಿಯನರು, ಯಹೂದ್ಯರು, ಸಿರಿಯನರು, ಆರ್ಮೇನಿಯನರು ಬಂದು ನೆಲೆಸಿದರು. 1882ರಲ್ಲಿ ಬ್ರಿಟಿಷ್ ನೌಕಾಪಡೆ ಗುಂಡಿನ ಮಳೆಗರೆದು ಪಟ್ಟಣವನ್ನು ಸುಟ್ಟಿತು, ಮತ್ತೆ ಕಟ್ಟಿದರು. ಪ್ರತಿಯೊಂದು ಸಮುದಾಯಕ್ಕೂ ತನ್ನ ಶಾಲೆ, ಆಸ್ಪತ್ರೆ, ಸ್ಮಶಾನ. ಹತ್ತಿಯಲ್ಲಿ ಗಳಿಸಿದ ಗ್ರೀಕ್ ವರ್ತಕರಾದ ತೊಸಿತ್ಸಾಸ್, ಅವೆರೋಫ್ ಮುಂತಾದವರು ಗ್ರೀಕ್ ಶಾಲೆಗಳನ್ನು ಕಟ್ಟಿಸಿಕೊಟ್ಟರು. ಆದರೆ ಅಲ್ಲಿನ ಬಹುಸಂಖ್ಯಾತರಾದ ಅರಬಿ ಮಾತಿನ ಬಡವರಿಗೆ ಆ ವೈಭವದಲ್ಲಿ ಸಿಕ್ಕಿದ ಪಾಲು ಅಲ್ಪ. ಹಲವು ನುಡಿಗಳ ಪಟ್ಟಣವೆಂದು ಹಾಡಿಹೊಗಳುವವರು ಇದನ್ನು ಮರೆಯಬಾರದು. ನೆಲದ ನುಡಿಯನ್ನು ಕಲಿಯದೆಯೇ ಬಾಳುವುದು ಅಲ್ಲಿ ಅನೇಕರಿಗೆ ಸಾಧ್ಯವಾಗಿತ್ತು. ಮುಂದೆ ಅದರ ಬೆಲೆ ತೆತ್ತರು. ನಮ್ಮ ಮಕ್ಕಳು ಮಲಯಾಳವನ್ನು ಚೆನ್ನಾಗಿ ಕಲಿಯಲಿ ಎಂದು ನಾವು ಪ್ರತಿ ವರ್ಷವೂ ತಂದೆತಾಯಿಗಳ ಸಭೆಯಲ್ಲಿ ಹೇಳುವುದಕ್ಕೆ ಇದೂ ಒಂದು ಕಾರಣ.

ಆ ಗ್ರೀಕ್ ಸಮುದಾಯದಲ್ಲಿ 1863ರಲ್ಲಿ ಹುಟ್ಟಿದವನು ಕವಿ ಕವಾಫಿ. ನೀರಾವರಿ ಇಲಾಖೆಯಲ್ಲಿ 30 ವರ್ಷ ಗುಮಾಸ್ತೆ. ಕವಿತೆಗಳನ್ನು ಬಿಡಿ ಹಾಳೆಗಳಲ್ಲಿ ಅಚ್ಚು ಹಾಕಿಸಿ ಗೆಳೆಯರಿಗೆ ಹಂಚುತ್ತಿದ್ದನು. 1933ರಲ್ಲಿ ತನ್ನ ಹುಟ್ಟುಹಬ್ಬದ ದಿನವೇ ತೀರಿಕೊಂಡನು. ಸಂಗ್ರಹ ಪುಸ್ತಕವಾಗಿ ಬಂದುದು ಎರಡು ವರ್ಷಗಳ ಮೇಲೆ. ಗ್ರೀಸಿನಿಂದ ಅಷ್ಟು ದೂರದಲ್ಲಿದ್ದವನು ಆಧುನಿಕ ಗ್ರೀಕಿನ ಅತಿ ಶ್ರೇಷ್ಠ ಕವಿಗಳಲ್ಲಿ ಒಬ್ಬನೆಂದು ಇಂದು ಎಲ್ಲರೂ ಒಪ್ಪುತ್ತಾರೆ. ಒಂದು ನುಡಿಯ ನಡುಮನೆ ಎಲ್ಲಿರುತ್ತದೆಂದು ಭೂಪಟ ನೋಡಿ ಹೇಳಲಾಗದು. ಮಂಜೇಶ್ವರದವರಿಗೆ ಇದು ಗೊತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಕೆಲಸಕ್ಕೆ ಬಂದಿದ್ದ ಇಂಗ್ಲಿಷ್ ಕಾದಂಬರಿಕಾರ ಫಾರ್ಸ್ಟರ್ ಅವನನ್ನು ಲೋಕಕ್ಕೆ ಪರಿಚಯಿಸಿದನು. ಫಾರ್ಸ್ಟರ್ ಆ ಪಟ್ಟಣದ ಚರಿತ್ರೆಯನ್ನೂ ಬರೆದನು. 1922ರಲ್ಲಿ ಅಚ್ಚಾದ ಆ ಪುಸ್ತಕದ ದಾಸ್ತಾನು ಬೆಂಕಿಗೆ ಆಹುತಿಯಾಯಿತೆಂದು ಪ್ರಕಾಶಕರು ಅವನಿಗೆ ಕಾಗದ ಬರೆದು ವಿಮೆಯ ಹಣದ ಪಾಲು ಕಳುಹಿಸಿದರು. ಸ್ವಲ್ಪ ದಿನಗಳಲ್ಲಿ ಪುಸ್ತಕಗಳು ನೆಲಮಾಳಿಗೆಯಲ್ಲಿ ಸುರಕ್ಷಿತವಾಗಿ ಸಿಕ್ಕವು. ವಿಮೆ ಪಡೆದಾಗಿತ್ತಲ್ಲ, ಲೆಕ್ಕ ಸರಿಹೊಂದಿಸಲು ಅವನ್ನು ಬೇಕೆಂದೇ ಸುಟ್ಟರು! ಗ್ರಂಥಾಲಯ ಸುಟ್ಟವರ ಪಟ್ಟಿಗೆ ಇವರನ್ನೂ ಸೇರಿಸಿಕೊ ಎಂದು ಆ ಹುಡುಗಿಗೆ ಹೇಳಬೇಕು.

1956ರ ಜುಲೈ 26ರಂದು ಅಲೆಕ್ಸಾಂಡ್ರಿಯದ ಚೌಕದಲ್ಲಿ ಅಧ್ಯಕ್ಷ ನಾಸರ್ ಭಾಷಣ ಮಾಡುತ್ತ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಅಕ್ಟೋಬರ್ ಕೊನೆಯಲ್ಲಿ ಇಸ್ರೇಲ್, ಬ್ರಿಟನ್, ಫ್ರಾನ್ಸ್ ದೇಶಗಳು ಈಜಿಪ್ಟಿನ ಮೇಲೆ ದಾಳಿ ನಡೆಸಿದವು. ನವೆಂಬರ್ 1ರಂದು ಈಜಿಪ್ಟಿನ ಮೇಲೆ ಬಾಂಬುಗಳು ಬೀಳುತ್ತಿದ್ದವು. ಆ ನವೆಂಬರ್ 1 ನಮ್ಮ ಹಿರಿಯರಿಗೆ ಬೇರೊಂದು ಕಾರಣಕ್ಕಾಗಿ ನೆನಪಿದೆ. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಅಂದು ಕೇರಳಕ್ಕೆ ಸೇರಿತು. ಎರಡು ಘಟನೆಗಳಿಗೂ ಸಂಬಂಧವಿಲ್ಲ. ಎರಡನ್ನೂ ತಕ್ಕಡಿಯಲ್ಲಿಡುವುದು ಸರಿಯೂ ಅಲ್ಲ. ನಮ್ಮನ್ನು ಯಾರೂ ಮನೆಬಿಟ್ಟು ಹೋಗೆನ್ನಲಿಲ್ಲ; ನಮ್ಮ ಶಾಲೆಯ ಬಾಗಿಲು ತೆರೆದೇ ಇತ್ತು; ಅಧ್ಯಾಪಕರಿಗೆ ಸಂಬಳ ಬರುತ್ತಲೇ ಇತ್ತು. ಅಲ್ಲಿಯಾದರೋ ಬ್ರಿಟಿಷ್, ಫ್ರೆಂಚ್ ಪ್ರಜೆಗಳೂ ಯಹೂದ್ಯರಲ್ಲಿ ಅನೇಕರೂ ದೇಶ ಬಿಡಬೇಕಾಯಿತು. 1961ರ ರಾಷ್ಟ್ರೀಕರಣದ ಬಳಿಕ ಗ್ರೀಕರೂ ಹೊರಟರು. ಎಷ್ಟೋ ತಲೆಮಾರುಗಳಿಂದ ಅಲ್ಲಿದ್ದವರು ಪೆಟ್ಟಿಗೆ ಕಟ್ಟಿ ಹಡಗು ಹತ್ತಿದರು. ತರಗತಿಗಳಲ್ಲಿ ಬೆಂಚುಗಳು ವರ್ಷವರ್ಷಕ್ಕೂ ಖಾಲಿಯಾದವು. ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ದಾಖಲಾತಿ ಪುಸ್ತಕ ತೆರೆದು ಕುಳಿತು, ಬಾಗಿಲ ಕಡೆ ನೋಡುವುದೆಂದರೆ ಏನೆಂದು ನಮಗೆ ತಿಳಿದಿದೆ. ಅಲ್ಲಿನ ಮುಖ್ಯೋಪಾಧ್ಯಾಯರುಗಳೂ ಹಾಗೆಯೇ ಕುಳಿತಿದ್ದಿರಬೇಕು.

ಗ್ರೀಕ್ ಸಮುದಾಯದ ಶಾಲೆ ಕೆಲವೇ ಮಕ್ಕಳೊಡನೆ ಇಂದಿಗೂ ನಡೆಯುತ್ತಿದೆ. ಕವಾಫಿ ಇದ್ದ ಮನೆ ವಸ್ತುಸಂಗ್ರಹಾಲಯವಾಗಿದೆ. 2002ರಲ್ಲಿ ಕಡಲ ದಂಡೆಯಲ್ಲಿ ಹೊಸ ಗ್ರಂಥಾಲಯ ತೆರೆಯಿತು. ಅದರ ಗ್ರಾನೈಟ್ ಗೋಡೆಯ ತುಂಬ ಲೋಕದ ಲಿಪಿಗಳ ಅಕ್ಷರಗಳನ್ನು ಕೆತ್ತಿದ್ದಾರೆ. 2011ರ ಜನವರಿಯಲ್ಲಿ ದೇಶದಲ್ಲಿ ದಂಗೆ ಎದ್ದಾಗ, ಪಟ್ಟಣದ ಯುವಜನರು ಕೈಕೈ ಹಿಡಿದು ಆ ಕಟ್ಟಡದ ಸುತ್ತ ನಿಂತರು. ಒಂದು ಗಾಜೂ ಒಡೆಯಲು ಬಿಡಲಿಲ್ಲ.

ಕೊನೆಗೆ ಒಂದು ವಿನಂತಿ, ಇದು ಶಾಲೆಯ ಪರವಾಗಿ. ನಮ್ಮ ಶಾಲೆಯ ಕೈಬರಹದ ಪತ್ರಿಕೆಯ ಹಳೆಯ ಸಂಚಿಕೆಗಳು, ಹಿಂದಿನ ಕನ್ನಡ ಪಠ್ಯಪುಸ್ತಕಗಳು, ವಾರ್ಷಿಕೋತ್ಸವದ ನಾಟಕಗಳ ಹಸ್ತಪ್ರತಿಗಳು ಕಚೇರಿಯ ಬೀರುವಿನಲ್ಲಿ ಪೂರ್ತಿಯಾಗಿ ಇಲ್ಲ. ಅಟ್ಟದ ಮೇಲೆ, ಅಜ್ಜನ ಪೆಟ್ಟಿಗೆಯಲ್ಲಿ, ತವರುಮನೆಯ ಕಪಾಟಿನಲ್ಲಿ ಅವು ಇರಬಹುದು. ಮಳೆಗಾಲಕ್ಕೆ ಮುಂಚೆ ದಯವಿಟ್ಟು ತಂದುಕೊಡಿ. ಟಾಲೆಮಿಯ ಅಧಿಕಾರಿಗಳಂತೆ ಮಾಡುವುದಿಲ್ಲ. ಪ್ರತಿಯನ್ನು ನಾವು ಇಟ್ಟುಕೊಂಡು ಮೂಲವನ್ನು ನಿಮಗೇ ಮರಳಿಸುತ್ತೇವೆ. ಪ್ರತಿ ಮಾಡುವ ಕೆಲಸವನ್ನು ಪ್ರಶ್ನೆ ಕೇಳಿದ ಆ ಹುಡುಗಿಯೂ ಅವಳ ಸಹಪಾಠಿಗಳೂ ವಹಿಸಿಕೊಂಡಿದ್ದಾರೆ. ರಸೀದಿ ಪುಸ್ತಕ ಅವರ ಕೈಯಲ್ಲಿಯೇ ಇದೆ, ಹೊರಗೆ ಮೇಜು ಹಾಕಿ ಕುಳಿತಿದ್ದಾರೆ.